ಚೀನಾದ ಹಳೆಯ ಹಾಡನ್ನು ವಯಲಿನ್, ವಯೋಲಾ, ಚೆಲ್ಲೊ ಗುಂಪಿಗೆ ಹೊಂದಿಸುವುದು ಹೇಗೆ? 'ಮೊಲಿಹುವಾ' ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಾನು ಚೀನಾದ ಹಾಡೊಂದನ್ನು ನಮ್ಮ ಗುಂಪಿಗೆ ಬರೆದುಕೊಟ್ಟಾಗ ಅದು ಹೋಟೆಲ್ ಲಿಫ್ಟ್‌ನಲ್ಲಿ ಹಾಕುವ ಮ್ಯೂಸಿಕ್ ತರ ಕೇಳಿಸಿತು. ಒಂದು ಸ್ವರವೂ ತಪ್ಪಿರಲಿಲ್ಲ. ಸಿಂಗಪುರದಲ್ಲಿ ನಮ್ಮದೊಂದು ಹವ್ಯಾಸಿ ಗುಂಪಿದೆ, ಅದರಲ್ಲಿ ನಾನು ವಯೋಲಾ ನುಡಿಸುತ್ತೇನೆ. ಚೀನೀ ಹೊಸ ವರ್ಷಕ್ಕೆ ಏನಾದರೂ ನುಡಿಸೋಣ ಅಂತ ಎಲ್ಲರೂ ಹೇಳಿದ್ದಕ್ಕೆ ಒಂದೇ ವಾರದಲ್ಲಿ ಬರೆದು ಮುಗಿಸಿದ್ದೆ. ಮೊದಲನೇ ವಯಲಿನ್ನಿಗೆ ರಾಗ, ಉಳಿದ ಮೂವರಿಗೆ ತುಂಬು ತುಂಬು ಕಾರ್ಡು, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ. ರೆಕಾರ್ಡ್ ಮಾಡಿ ನಮ್ಮ ಬ್ಲಾಕಿನಲ್ಲೇ ಇರುವ, ಅರ್‌ಹು (ಚೀನಾದ ಎರಡು ತಂತಿಯ ಪಿಟೀಲು) ನುಡಿಸುವ ಆಂಟಿಗೆ ಫೋನಿನಲ್ಲಿ ಕೇಳಿಸಿದೆ. ಪೂರ್ತಿ ಕೇಳಿ, "ಚೆನ್ನಾಗಿದೆ. ಆದರೆ ಹಾಡು ಎಲ್ಲಿ ಹೋಯ್ತು?" ಅಂದರು.

ಹಾಡು ಕಾರ್ಡುಗಳ ಕೆಳಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಈ ಸಂಗೀತದ ಜೀವ ಇರುವುದು ಒಂದೇ ಒಂದು ಎಳೆಯಲ್ಲಿ. ಆ ಎಳೆ ಹೇಗೆ ಜಾರುತ್ತದೆ, ಎಲ್ಲಿ ನಿಲ್ಲುತ್ತದೆ, ಇಬ್ಬರು ಒಟ್ಟಿಗೆ ನುಡಿಸಿದಾಗ ಹೇಗೆ ಸ್ವಲ್ಪ ಸ್ವಲ್ಪ ಬೇರೆಯಾಗುತ್ತದೆ, ಎಲ್ಲ ಅದರಲ್ಲೇ ಇದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ಕೈಯಲ್ಲಿ ವಯೋಲಾ ಇದ್ದರೆ ತಲೆ ತಾನಾಗಿ ಪಾಶ್ಚಾತ್ಯ ದಾರಿ ಹಿಡಿಯುತ್ತದೆ. ಆಮೇಲೆ ಐದಾರು ಹಾಡು ಬರೆದು, ಹರಿದು, ಮತ್ತೆ ಬರೆದು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಉದಾಹರಣೆಗೆ 'ಮೊಲಿಹುವಾ', ಅಂದರೆ ಮಲ್ಲಿಗೆ ಹೂವಿನ ಹಾಡು. ಗುಂಪು ಎರಡು ವಯಲಿನ್, ಒಂದು ವಯೋಲಾ, ಒಂದು ಚೆಲ್ಲೊ. ದೊಡ್ಡ ಸ್ಟ್ರಿಂಗ್ ಆರ್ಕೆಸ್ಟ್ರಾಗೂ ಇದೇ ಲೆಕ್ಕ ನಡೆಯುತ್ತದೆ.

1. ಹಾಡು ಯಾವುದು, ಯಾರದು

'ಮೊಲಿಹುವಾ' ಜಿಯಾಂಗ್‌ಸು ಕಡೆಯ ಜನಪದ ಹಾಡು. ಇದರ ಒಂದು ರೂಪ 1804ರಲ್ಲೇ ಲಂಡನ್ನಿನಲ್ಲಿ ಸ್ವರಲಿಪಿಯ ಸಮೇತ ಅಚ್ಚಾಗಿತ್ತು. 1926ರಲ್ಲಿ ಮೊದಲು ರಂಗಕ್ಕೆ ಬಂದ ಪುಚ್ಚೀನಿಯ 'ತುರಾಂಡೊಟ್' ಒಪೆರಾದಲ್ಲೂ ಇದೇ ಹಾಡಿದೆ. ಹಾಗಾಗಿ ಕಾಪಿರೈಟ್ ಹಕ್ಕಿನ ತಲೆನೋವಿಲ್ಲ.

ಎಲ್ಲ ಹಾಡೂ ಹೀಗಲ್ಲ, ನೋಡಿಕೊಳ್ಳಿ. ಜನಪದ ಅಂತ ನಾವು ಅಂದುಕೊಂಡ ಎಷ್ಟೋ ಹಾಡುಗಳಿಗೆ ಹೆಸರಿರುವ ಕರ್ತೃ ಇದ್ದಾರೆ. ವಾಂಗ್ ಲುವೊಬಿನ್ ವಾಯವ್ಯ ಚೀನಾದ ಧಾಟಿಗಳನ್ನು ಹಿಡಿದು ಮಾಡಿದ ಹಾಡುಗಳನ್ನು ಊರೆಲ್ಲ ಜನಪದ ಅಂತಲೇ ಹಾಡುತ್ತಾರೆ, ಆದರೆ ಅವರು ತೀರಿಕೊಂಡದ್ದು 1996ರಲ್ಲಿ. ಕರ್ತೃ ಹೋದ ಮೇಲೆ ಚೀನಾದಲ್ಲಿ 50 ವರ್ಷ, ಭಾರತದಲ್ಲಿ 60, ಸಿಂಗಪುರದಲ್ಲಿ 70 ವರ್ಷ ಹಕ್ಕು ಉಳಿಯುತ್ತದೆ. ಇದರ ಉಲ್ಟಾ ಕೇಸೂ ಇದೆ: ಉಸೂರಿ ನದಿಯ ದೋಣಿ ಹಾಡೊಂದಕ್ಕೆ ಸಂಗೀತ ನಿರ್ದೇಶಕರ ಹೆಸರು ಹಾಕಿದ್ದಕ್ಕೆ ಹೆಝೆ ಎಂಬ ಚೀನಾದ ಸಣ್ಣ ಜನಾಂಗದವರು ಕೋರ್ಟಿಗೆ ಹೋದರು. ಅದು ಹೆಝೆ ಜನಪದ ಧಾಟಿಯಿಂದ ಮಾಡಿಕೊಂಡ ಹಾಡು ಅಂತ ಸ್ಪಷ್ಟವಾಗಿ ಹಾಕಬೇಕು ಅಂತ ತೀರ್ಪಾಯಿತು. ನಿಮ್ಮ ಸ್ಕೋರಿನ (ಎಲ್ಲರ ಸ್ವರ ಬರೆದ ಹಾಳೆಯ) ತಲೆಯ ಮೇಲೆ 'ಜಿಯಾಂಗ್‌ಸು ಜನಪದ ಹಾಡು' ಅಂತ ಬರೆದು, ಕೆಳಗೆ ಹೊಂದಿಸಿದವರು ಅಂತ ನಿಮ್ಮ ಹೆಸರು ಹಾಕಿ. ಬೇರೆಯವರ ಅರೇಂಜ್‌ಮೆಂಟ್ ನೋಡಿ ನಕಲು ಮಾಡಬೇಡಿ, ಹಾಡಿದ್ದನ್ನು ಕೇಳಿ ಬರೆಯಿರಿ.

2. ಜಿಯಾನ್‌ಪು ಓದಲು ಕಲಿಯಿರಿ (ಒಂದು ಸಂಜೆ ಸಾಕು)

ಚೀನೀ ಹಾಡುಗಳು ಸಾಮಾನ್ಯವಾಗಿ ಸಿಗುವುದು ಜಿಯಾನ್‌ಪು ಎಂಬ ಅಂಕಿ ಲಿಪಿಯಲ್ಲಿ. 1 ಅಂದರೆ ಸ, 2 ರಿ, 3 ಗ, 5 ಪ, 6 ದ. ಮೇಲೆ ಚುಕ್ಕಿ ಇದ್ದರೆ ತಾರ, ಕೆಳಗೆ ಚುಕ್ಕಿ ಇದ್ದರೆ ಮಂದ್ರ. ಅಂಕಿಯ ಕೆಳಗೆ ಒಂದು ಗೆರೆ ಇದ್ದರೆ ಅರ್ಧ ಎಣಿಕೆ, ಎರಡು ಗೆರೆ ಇದ್ದರೆ ಕಾಲು. ಅಂಕಿಯ ಮುಂದೆ ಅಡ್ಡಗೆರೆ ಬಂದರೆ ಸ್ವರ ಇನ್ನೊಂದು ಎಣಿಕೆ ನಿಲ್ಲುತ್ತದೆ. ನಮ್ಮ ಹಾಗೇ ಸ ಎಲ್ಲಿ ಬೇಕಾದರೂ ಕೂರಬಹುದು, ಹಾಳೆಯ ಮೂಲೆಯಲ್ಲಿ '1=ಸಿ' ಅಂತಲೋ '1=ಡಿ' ಅಂತಲೋ ಬರೆದಿರುತ್ತಾರೆ. ಸರಳೆ ವರಸೆ ಹಾಡಿದವರಿಗೆ ಇದು ನೀರು ಕುಡಿದಷ್ಟು ಸಲೀಸು. ಐದು ಗೆರೆಯ ಸ್ಟಾಫ್ ಮಾತ್ರ ಗೊತ್ತಿರುವವರಿಗೇ ಇಲ್ಲಿ ಕಷ್ಟ ಜಾಸ್ತಿ.

ಒಂದು ಮಾತು. ನಮ್ಮ ಸ್ವರಲಿಪಿ ಪುಸ್ತಕದಲ್ಲಿ ಗಮಕ ಹೇಗೆ ಇರುವುದಿಲ್ಲವೋ ಜಿಯಾನ್‌ಪುನಲ್ಲೂ ಮುಖ್ಯವಾದದ್ದು ಎಷ್ಟೋ ಇರುವುದಿಲ್ಲ. ಅದನ್ನು ಕೇಳಿಯೇ ಹಿಡಿಯಬೇಕು. ಮೂರು ತರದ ರೆಕಾರ್ಡಿಂಗ್ ಹುಡುಕಿಕೊಳ್ಳಿ: ಯಾರಾದರೂ ಬರೀ ಗಂಟಲಲ್ಲಿ ಹಾಡಿದ್ದು, ಅರ್‌ಹುನಲ್ಲಿ ನುಡಿಸಿದ್ದು, ಮತ್ತೆ ಕೊಳಲು-ತಂತಿ ಸೇರಿದ ಸಣ್ಣ ಗುಂಪಿನದು. ಅರ್ಧ ವೇಗಕ್ಕೆ ಇಳಿಸಿ ಕೇಳಿ. ಎಲ್ಲಿ ಸ್ವರ ಕೆಳಗಿನಿಂದ ಹತ್ತಿ ಬರುತ್ತದೆ, ಎಲ್ಲಿ ಬಿಡುವಾಗ ಇಳಿಯುತ್ತದೆ ಅಂತ ಪೆನ್ಸಿಲ್ಲಿನಲ್ಲಿ ಬಾಣ ಹಾಕಿ. ಸ್ವರ ಬರೆಯುವ ಸಾಫ್ಟ್‌ವೇರ್ ತೆರೆಯುವುದು ಇದಾದ ಮೇಲೆ.

3. ಹಾಡು ಎಲ್ಲಿ ನಿಲ್ಲುತ್ತದೆ ನೋಡಿ

ನಾನು ಎಡವಿದ್ದು ಇಲ್ಲೇ.

'ಮೊಲಿಹುವಾ'ದ ಮೊದಲ ಸಾಲು ಹೀಗಿದೆ (ಮೇಲೆ ಗೆರೆ ಇರುವ ಸ' ತಾರ ಸ್ಥಾಯಿ, ಒಂದೊಂದು ಗುಂಪು ಒಂದೊಂದು ಎಣಿಕೆ):

ಗ | ಗಪ | ದಸ' | ಸ'ದ || ಪ | ಪದ | ಪ | – ||

ಹಾಡಿಕೊಂಡರೆ ಥಟ್ಟನೆ ಮೋಹನ ಅನಿಸುತ್ತದೆ, ಹಿಂದೂಸ್ತಾನಿಯವರಿಗೆ ಭೂಪ್. ಸ ರಿ ಗ ಪ ದ ಅಂತ ಅದೇ ಐದು ಸ್ವರ. ಆದರೆ ಹಾಡಿನ ಕೊನೆ ನೋಡಿ: ರಿ ಗ ಸ ರಿ ಸ ದ ಅಂತ ಇಳಿದು ಮಂದ್ರ ಪಂಚಮದಲ್ಲಿ ನಿಲ್ಲುತ್ತದೆ. ಷಡ್ಜದಲ್ಲಿ ನಿಲ್ಲುವುದೇ ಇಲ್ಲ. ಅಂದರೆ ಇದರ ಮನೆ ಪ.

ಚೀನೀ ಪದ್ಧತಿಯಲ್ಲಿ ಈ ಐದು ಸ್ವರಗಳಿಗೆ ಗುಂಗ್, ಶಾಂಗ್, ಜುಎ, ಝಿ, ಯು ಅಂತ ಹೆಸರು. ಯಾವುದನ್ನು ಮನೆ ಮಾಡಿಕೊಂಡರೆ ಆ ಹೆಸರಿನ ಧಾಟಿ. ನಮಗೆ ಇದು ಹೊಸದೇನಲ್ಲ, ಗ್ರಹಭೇದ ಅಷ್ಟೇ. ಸ ಮನೆಯಾದರೆ ಮೋಹನ, ರಿ ಆದರೆ ಮಧ್ಯಮಾವತಿ, ಗ ಆದರೆ ಹಿಂದೋಳ, ಪ ಆದರೆ ಶುದ್ಧ ಸಾವೇರಿ, ದ ಆದರೆ ಶುದ್ಧ ಧನ್ಯಾಸಿ. ಹಾಗಾಗಿ 'ಮೊಲಿಹುವಾ' ಝಿ ಧಾಟಿ, ನಮ್ಮ ಕಿವಿಗೆ ಶುದ್ಧ ಸಾವೇರಿಯ ಹತ್ತಿರ.

ಇದರಿಂದ ಏನು ವ್ಯತ್ಯಾಸ ಅಂತ ಕೇಳಬಹುದು. ನಾನು ಮೊದಲು ಬರೆದಾಗ ಕೊನೆಯ ಪಂಚಮದ ಕೆಳಗೆ ಚೆಲ್ಲೊಗೆ ಸ ಕೊಟ್ಟು, ಸ-ಗ-ಪ ಅಂತ ಮೇಜರ್ ಕಾರ್ಡ್ ಹಾಕಿದ್ದೆ. ಕೇಳುವವರ ಕಿವಿ ತಕ್ಷಣ ಕೆಳಗಿನ ಸ ಕಡೆಗೆ ಹೋಗುತ್ತದೆ. ಹಾಡು ಮನೆಗೆ ಬಂದು ಬಾಗಿಲಲ್ಲಿ ನಿಂತಿದೆ, ನಾನು ಪಕ್ಕದ ಮನೆಯ ಬೀಗ ತೆಗೆದಿದ್ದೇನೆ, ಹಾಗಾಯಿತು ಅದು. ಆಂಟಿಗೆ ಹಾಡು ಕಾಣೆಯಾದದ್ದು ಇಲ್ಲೇ ಅಂತ ಆಮೇಲೆ ಗೊತ್ತಾಯಿತು.

ಮ ಮತ್ತು ನಿ ಬರುವುದೇ ಇಲ್ಲ ಅಂತಲ್ಲ. ದಾರಿಯಲ್ಲಿ ಸಿಕ್ಕಿ ಹೋಗುವ ಸ್ವರಗಳಾಗಿ ಎಷ್ಟೋ ಹಾಡುಗಳಲ್ಲಿ ಬರುತ್ತವೆ. ಶಾನ್ಶಿ ಕಡೆಯ ಚಿನ್‌ಚಿಯಾಂಗ್ ರಂಗಸಂಗೀತದ 'ಕಹಿ ಧಾಟಿ'ಯಲ್ಲಂತೂ ಮ ಒಂದು ಚೂರು ಮೇಲೆ, ನಿ ಒಂದು ಚೂರು ಕೆಳಗೆ ಇರುತ್ತದೆ, ಪಿಯಾನೋದ ಯಾವ ಮನೆಗೂ ಕೂರುವುದಿಲ್ಲ. ಅಂಥ ಹಾಡು ಹಿಡಿದರೆ ದಯವಿಟ್ಟು ಅದನ್ನು 'ಸರಿ' ಮಾಡಲು ಹೋಗಬೇಡಿ. ಫ್ರೆಟ್ ಇಲ್ಲದ ವಾದ್ಯ ಕೈಯಲ್ಲಿದೆ, ಆ ಸ್ವರದ ಮೇಲೆ ಬಾಣ ಹಾಕಿ, ಅಷ್ಟು ಸಾಕು.

4. ಶ್ರುತಿ: ಖಾಲಿ ತಂತಿಗಳನ್ನು ಲೆಕ್ಕ ಹಾಕಿ

ವಯಲಿನ್ ತಂತಿಗಳು ಜಿ, ಡಿ, ಎ, ಇ. ವಯೋಲಾ ಮತ್ತು ಚೆಲ್ಲೊ ತಂತಿಗಳು ಸಿ, ಜಿ, ಡಿ, ಎ. ಎಲ್ಲ ಸೇರಿಸಿದರೆ ಸಿ, ಜಿ, ಡಿ, ಎ, ಇ, ಐದೇ ಐದು ಹೆಸರು. ಇವನ್ನು ಸಾಲಾಗಿ ಜೋಡಿಸಿ: ಸಿ, ಡಿ, ಇ, ಜಿ, ಎ. ಸಿ ಅನ್ನು ಸ ಮಾಡಿಕೊಂಡರೆ ಇದೇ ಸ ರಿ ಗ ಪ ದ! ನಾಲ್ಕು ವಾದ್ಯಗಳ ಖಾಲಿ ತಂತಿಗಳನ್ನೇ ಎಳೆದರೂ ಚೀನೀ ಐದು ಸ್ವರ ಪೂರ್ತಿ ಬಂದುಬಿಡುತ್ತದೆ. ನನಗೆ ಇದು ಹೊಳೆದ ದಿನ ರಾತ್ರಿ ಹನ್ನೊಂದಕ್ಕೆ ವಯೋಲಾ ತೆಗೆದು ಪಕ್ಕದ ಮನೆಯವರ ಕೈಲಿ ಬೈಸಿಕೊಂಡೆ.

ಇದು ಕಾಕತಾಳೀಯವೇನಲ್ಲ. ತಂತಿಯನ್ನು ಮೂರನೇ ಒಂದು ಪಾಲು ಕಡಿಮೆ ಮಾಡು, ಆಮೇಲೆ ಮೂರನೇ ಒಂದು ಪಾಲು ಹೆಚ್ಚು ಮಾಡು, ಹೀಗೆ ಮಾಡುತ್ತಾ ಹೋಗಿ ಐದು ಸ್ವರ ಪಡೆಯುವ ಲೆಕ್ಕ ಚೀನಾದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯದು. ಅದು ಪಂಚಮದಿಂದ ಪಂಚಮಕ್ಕೆ ಹೋಗುವ ಲೆಕ್ಕವೇ. ವಯಲಿನ್ ಕುಟುಂಬವನ್ನು ಶ್ರುತಿ ಮಾಡುವುದೂ ಪಂಚಮದಿಂದ ಪಂಚಮಕ್ಕೆ.

ಹಾಗಾಗಿ ಸಿ ಶ್ರುತಿ ಚೆನ್ನಾಗಿ ಮೊಳಗುತ್ತದೆ. ಜಿ ಶ್ರುತಿಯಲ್ಲಿ ವಯೋಲಾ, ಚೆಲ್ಲೊಗಳ ಸಿ ತಂತಿ ಮಾತ್ರ ಮಧ್ಯಮವಾಗಿ ಹೊರಗುಳಿಯುತ್ತದೆ, ಅದೂ ಪರವಾಗಿಲ್ಲ. ಡಿ ಕೂಡ ನಡೆಯುತ್ತದೆ, ಅರ್‌ಹು ನುಡಿಸುವವರಿಗೆ ಅದು ತುಂಬ ಇಷ್ಟ. ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಕಡೆ ಹೋಗಬೇಡಿ. ಹಾಡುವವರು ಜೊತೆಗಿದ್ದರೆ ಮಾತ್ರ ಅವರ ಗಂಟಲು ನೋಡಿ ತೀರ್ಮಾನಿಸಿ.

'ಮೊಲಿಹುವಾ'ವನ್ನು ಸಿ ಶ್ರುತಿಯಲ್ಲಿಟ್ಟರೆ ಕೊನೆಯ ಮಂದ್ರ ಪ ಬಂದು ಕೂರುವುದು ವಯಲಿನ್ನಿನ ಕಡೆಯ ಜಿ ತಂತಿಯ ಮೇಲೆ, ಬೆರಳೇ ಇಡಬೇಕಿಲ್ಲ. ಹಾಡು ಒಟ್ಟಾರೆ ಸ್ವಲ್ಪ ಕೆಳಗೆ, ಬೆಚ್ಚಗೆ ಇರುತ್ತದೆ. ಮಿಂಚಬೇಕು ಅನಿಸಿದರೆ ಒಂದು ಚರಣ ಮೇಲಿನ ಸ್ಥಾಯಿಗೆ ಎತ್ತಿ.

5. ಒಂದೇ ಎಳೆಯನ್ನು ನಾಲ್ವರಿಗೆ ಹಂಚಿ

ಶಾಂಘೈ, ಸುಝೌ ಕಡೆ 'ಜಿಯಾಂಗ್‌ನಾನ್ ಸಿಝು' ಅಂತ ಒಂದು ಸಂಗೀತವಿದೆ. ರೇಷ್ಮೆ ಮತ್ತು ಬಿದಿರು ಅಂತ ಅರ್ಥ, ಅಂದರೆ ತಂತಿ ವಾದ್ಯ ಮತ್ತು ಕೊಳಲು. ಟೀ ಅಂಗಡಿಯಲ್ಲಿ ಮೇಜಿನ ಸುತ್ತ ಕೂತು ನುಡಿಸುತ್ತಾರೆ, ಶಾಂಘೈನ ಹುಶಿನ್‌ಟಿಂಗ್ ಟೀ ಮನೆ ಇದಕ್ಕೆ ಹೆಸರುವಾಸಿ. ಅಲ್ಲಿ ಎಲ್ಲರೂ ನುಡಿಸುವುದು ಒಂದೇ ರಾಗ. ಆದರೆ ಒಬ್ಬೊಬ್ಬರದು ಒಂದೊಂದು ತರ. ಕೊಳಲಿನವನು ತಿರುವು ಹಾಕಿದರೆ ಅರ್‌ಹುನವನು ಸರಳವಾಗಿ ಹೋಗುತ್ತಾನೆ, ಪಿಪಾ ಎಂಬ ನಾಲ್ಕು ತಂತಿಯ ವಾದ್ಯ ಮೀಟಿ ಮೀಟಿ ತುಂಬುತ್ತದೆ. 'ನೀನು ದಟ್ಟವಾದರೆ ನಾನು ಸರಳ' ಅಂತ ಅವರಲ್ಲೇ ಒಂದು ಮಾತಿದೆ.

ನಮಗೂ ಇದು ಗೊತ್ತು. ಹಾಡುಗಾರರ ಹಿಂದೆ ಪಿಟೀಲು ಹೋಗುವುದು ಹೇಗೆ? ಅದೇ ಸ್ವರ, ಒಂದು ಗಳಿಗೆ ತಡ, ಒಂದು ಸಂಗತಿ ಬೇರೆ. ಭಜನೆಯಲ್ಲಿ ಹಾರ್ಮೋನಿಯಂನವರು ಒಂದು ತರ, ಹಾಡುವವರು ಒಂದು ತರ. ಹೀಗೆ ಬರೆಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಮೊದಲ ಸಾಲನ್ನೇ ತೆಗೆದುಕೊಳ್ಳಿ. ಎರಡನೇ ವಯಲಿನ್ನಿಗೆ ಮೂಳೆ ಮಾತ್ರ ಕೊಡಿ, ಎಣಿಕೆಗೆ ಒಂದೇ ಸ್ವರ:

ಗ | ಪ | ಸ' | ದ || ಪ | – | ಪ | – ||

ಮೊದಲನೇ ವಯಲಿನ್ನಿಗೆ ಹೂವು ಕಟ್ಟಿ. ಚೀನೀಯರೂ ಇದನ್ನು 'ಜಿಯಾಹುವಾ', ಹೂವು ಸೇರಿಸುವುದು ಅಂತಲೇ ಕರೆಯುತ್ತಾರೆ:

ಗ,ರಿಗ | ಗಪದಪ | ದಸ'ರಿ'ಸ' | ಸ'ದಪದ || ಪ,ದಪ | ಪದಸ'ದ | ಪ | – ||

ಪ್ರತಿ ಎಣಿಕೆಯ ಮೊದಲ ಸ್ವರ ಮೂಲ ಹಾಡಿನದ್ದೇ ಇದೆ ನೋಡಿ. ಅದನ್ನು ಬಿಟ್ಟುಕೊಡಬೇಡಿ, ಒಳಗೆ ಏನು ಬೇಕಾದರೂ ಮಾಡಿ. ಎರಡು ವಯಲಿನ್ ಒಟ್ಟಿಗೆ ನುಡಿದಾಗ ಅಲ್ಲಲ್ಲಿ ಪ ಮೇಲೆ ದ, ಸ ಮೇಲೆ ರಿ ಬಂದು ಒಂದು ಕ್ಷಣ ಉಜ್ಜಿಕೊಂಡು ಹೋಗುತ್ತವೆ. ಪಾಶ್ಚಾತ್ಯ ಪಾಠದಲ್ಲಿ ಅದು ತಪ್ಪು ಅನಿಸಬಹುದು, ಇಲ್ಲಿ ಮಜಾ ಇರುವುದೇ ಅದರಲ್ಲಿ.

ವಯೋಲಾಗೆ ಮೂಲ ಹಾಡನ್ನೇ ಒಂದು ಸ್ಥಾಯಿ ಕೆಳಗೆ ಕೊಡಿ, ಆದರೆ ಅಲ್ಲಲ್ಲಿ ತೂತು ಬಿಡಿ: ಗ – ದಸ' – ಪ. ಮೊದಲ ಸಾಲಿಗೆ ಇದು ಸಲೀಸು. ಕೊನೆಯ ಮಂದ್ರ ಪ ಮಾತ್ರ ಒಂದು ಸ್ಥಾಯಿ ಕೆಳಗೆ ವಯೋಲಾದಲ್ಲಿ ಇಲ್ಲವೇ ಇಲ್ಲ, ಅದರ ತಳವೇ ಸಿ. ಅಲ್ಲಿಗೆ ಬರುವ ಮುಂಚೆ ಮೇಲಕ್ಕೆ ಹತ್ತಿಸಿಕೊಳ್ಳಿ.

ಚೆಲ್ಲೊಗೆ? ಏನೂ ಇಲ್ಲ ಅನ್ನುವಷ್ಟು ಕಡಿಮೆ. ಹಳೆಯ ಚೀನೀ ಗುಂಪುಗಳಲ್ಲಿ ತಳದ ವಾದ್ಯ ಇರುತ್ತಿದ್ದದ್ದೇ ಅಪರೂಪ. ಇವತ್ತಿನ ದೊಡ್ಡ ಚೀನೀ ಆರ್ಕೆಸ್ಟ್ರಾಗಳಲ್ಲೂ ಕೆಳಗಿನ ಸ್ಥಾಯಿಗೆ ಚೆಲ್ಲೊ, ಡಬಲ್ ಬಾಸ್ ಕೂರಿಸಿಕೊಂಡಿರುವುದನ್ನು ನೀವು ನೋಡಿರಬಹುದು. ಹಾಗಾಗಿ ಕೆಳಗೆ ಖಾಲಿ ಇದ್ದರೆ ಅದು ಕೊರತೆಯಲ್ಲ. ಮೊದಲ ಸಾಲಿಗೆ ಒಂದು ಸ, ಒಂದು ಪ, ಬೆರಳಲ್ಲಿ ಮೀಟಿದರೆ ಮುಗಿಯಿತು.

6. ಕಾರ್ಡ್ ಬೇಕೇ ಬೇಕು ಅನ್ನುವವರಿಗೆ

ಬೇಕಾಗುತ್ತದೆ, ಒಪ್ಪುತ್ತೇನೆ. ನಾಲ್ಕು ನಿಮಿಷ ಬರೀ ಒಂದೇ ಎಳೆ ಅಂದರೆ ಪಾಶ್ಚಾತ್ಯ ವಾದಕರಿಗೆ ಬೇಜಾರು. ದಾರಿ ಏನೆಂದರೆ ಶೆಂಗ್ ಕೇಳುವುದು. ಬಿದಿರಿನ ಕೊಳವೆಗಳನ್ನು ಕಟ್ಟು ಕಟ್ಟಿದ, ಬಾಯಲ್ಲಿ ಊದುವ ವಾದ್ಯ ಅದು. ಒಂದು ಸ್ವರದ ಜೊತೆಗೆ ಅದರ ಪಂಚಮವನ್ನೋ ಮಧ್ಯಮವನ್ನೋ ಸೇರಿಸಿ ಊದುತ್ತಾರೆ. ಹಾಡಿನೊಳಗಿನ ಸ್ವರಗಳನ್ನೇ ಒಂದರ ಮೇಲೊಂದು ಪಂಚಮದ ಅಂತರದಲ್ಲಿ ಪೇರಿಸಿದರೆ ಅದೇ ನಿಮ್ಮ ಹಾರ್ಮನಿ: ಸ-ಪ-ರಿ, ಪ-ರಿ-ದ, ರಿ-ದ-ಗ.

'ಮೊಲಿಹುವಾ'ದ ಕೊನೆಗೆ ಈಗ ನಾನು ಹಾಕುವುದು ಇದನ್ನು: ಚೆಲ್ಲೊ ಖಾಲಿ ಜಿ ಮತ್ತು ಡಿ ಒಟ್ಟಿಗೆ, ಮೊದಲನೇ ವಯಲಿನ್ ಹಾಡು ಮುಗಿಸಿ ಖಾಲಿ ಜಿ, ವಯೋಲಾ ಖಾಲಿ ಡಿ, ಎರಡನೇ ವಯಲಿನ್ ತೀರಾ ಮೆಲ್ಲಗೆ ಖಾಲಿ ಎ. ಪ-ರಿ-ದ. ಐದೂ ಖಾಲಿ ತಂತಿ, ಯಾರೂ ಬೆರಳು ಇಟ್ಟಿಲ್ಲ, ಯಾರಿಗೂ ಬೆರಳು ಅಲುಗಿಸಲು ಆಗುವುದಿಲ್ಲ. ಕಮಾನು ಎತ್ತಿದ ಮೇಲೂ ವಾದ್ಯ ಸ್ವಲ್ಪ ಹೊತ್ತು ಗುಂಯ್ ಅನ್ನುತ್ತಿರುತ್ತದೆ.

ನಿ-ಸ ಅಂತ ಮುಗಿಸುವ ಪಾಶ್ಚಾತ್ಯ ಚಾಳಿ ಬಿಡಿ. ಐದು ಸ್ವರದ ಹಾಡಿಗೆ ಅದು ಅಂಟುವುದೇ ಇಲ್ಲ. ಪ್ರತಿ ಎಣಿಕೆಗೂ ಕಾರ್ಡ್ ಬದಲಿಸಬೇಡಿ, ಒಂದು ಸಾಲಿಗೆ ಒಂದು ಸಾಕು.

7. ಜಾರು

ಅರ್‌ಹುಗೆ ಎರಡೇ ತಂತಿ, ಕಮಾನಿನ ಕೂದಲು ಆ ಎರಡು ತಂತಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬೆರಳಿಡಲು ಹಲಗೆ ಇಲ್ಲ, ಬೆರಳು ಗಾಳಿಯಲ್ಲಿ ತಂತಿಯನ್ನು ಒತ್ತುತ್ತದೆ. ಅದಕ್ಕೇ ಅದರ ಸ್ವರ ಅಷ್ಟು ಬಳುಕುವುದು. ಆ ಧ್ವನಿಯನ್ನು ವಯಲಿನ್ನಿನಲ್ಲಿ ತರುವ ಕೆಲಸವನ್ನು ಚೀನೀಯರೇ ಚೆನ್ನಾಗಿ ಮಾಡಿದ್ದಾರೆ. 1959ರ ಮೇ ತಿಂಗಳಲ್ಲಿ ಶಾಂಘೈನಲ್ಲಿ ಮೊದಲು ನುಡಿಸಿದ 'ಲಿಯಾಂಗ್ ಝು' ವಯಲಿನ್ ಕಾನ್ಸರ್ಟೊ ಕೇಳಿ. ಅದನ್ನು ಚೆನ್ ಗಾಂಗ್ ಜೊತೆ ಸೇರಿ ಬರೆದ ಹೆ ಝಾನ್‌ಹಾವೊ ಹಾಡುತ್ತಲೇ ಆಡುವ ಯುಎ ನಾಟಕದ ಮಂಡಳಿಯಲ್ಲಿ ದುಡಿದು ಬಂದವರು, ಆ ಹಾಡುಗಾರಿಕೆಯ ಜಾರುಗಳು ವಯಲಿನ್ನಿನೊಳಗೆ ಹಾಗೇ ಇಳಿದಿವೆ.

ಇನ್ನೊಂದು ಕೇಳಲೇಬೇಕಾದದ್ದು ಆಬಿಂಗ್. ವುಶಿ ಊರಿನ ಬೀದಿಗಳಲ್ಲಿ ನುಡಿಸುತ್ತಿದ್ದ ಕುರುಡ ಕಲಾವಿದ, ನಿಜ ಹೆಸರು ಹುವಾ ಯಾನ್‌ಜುನ್. 1950ರ ಬೇಸಿಗೆಯಲ್ಲಿ ಯಾಂಗ್ ಯಿನ್‌ಲಿಯು ಮತ್ತು ಚಾವೊ ಆನ್‌ಹೆ ಉಕ್ಕಿನ ತಂತಿಯ ರೆಕಾರ್ಡರ್ ಹೊತ್ತು ಹೋಗಿ ಅವನ ಆರು ರಚನೆ ಹಿಡಿದಿಟ್ಟರು, ಮೂರು ಅರ್‌ಹುದು, ಮೂರು ಪಿಪಾದು. ಅದೇ ಡಿಸೆಂಬರಿನಲ್ಲಿ ಅವನು ತೀರಿಕೊಂಡ. ಅದರಲ್ಲಿ 'ಅರ್‌ಚ್ಯುಆನ್ ಇಂಗ್‌ಯುಎ'ಗೆ ಅರ್‌ಹುವನ್ನು ಮಾಮೂಲಿ ಡಿ-ಎ ಬದಲು ಒಂದು ಪಂಚಮ ಕೆಳಗೆ, ಜಿ-ಡಿ ಮಾಡಿಕೊಳ್ಳುತ್ತಾರೆ. ವಯಲಿನ್ನಿನ ಕೆಳಗಿನ ಎರಡು ತಂತಿ ಯಾವುವು? ಅವೇ ಜಿ ಮತ್ತು ಡಿ! ವು ಝುಚಿಯಾಂಗ್ ಇದನ್ನು ಸ್ಟ್ರಿಂಗ್ ಆರ್ಕೆಸ್ಟ್ರಾಗೆ ಹೊಂದಿಸಿದ್ದಾರೆ. ಹೊಸದಾಗಿ ಬರೆಯುವವರು ಮೊದಲು ಆಬಿಂಗ್, ಆಮೇಲೆ ಅದನ್ನು, ಹೀಗೆ ಒಂದರ ಹಿಂದೆ ಒಂದು ಕೇಳಬೇಕು.

ಈಗ ಬೆರಳಿನ ವಿಷಯ. ನಮ್ಮ ಹಾಡಿನ ಮೊದಲ ಸಾಲಿನಲ್ಲಿ ಜಾರು ಬೇಕಿರುವುದು ಗ-ಪ ಮತ್ತು ದ-ಸ' ನಡುವೆ, ಯಾಕೆಂದರೆ ಸ್ವರಗಳ ನಡುವೆ ದೊಡ್ಡ ಬಿಡುವು ಇರುವುದು ಅಲ್ಲೇ. ವಯಲಿನ್ ಕಲಿತವರು ಕಣ್ಣು ಮುಚ್ಚಿ ದೈವತಕ್ಕೆ ಖಾಲಿ ಎ ತಂತಿ ಎಳೆಯುತ್ತಾರೆ. ಖಾಲಿ ತಂತಿಯಿಂದ ಎಲ್ಲಿಗೂ ಜಾರಲು ಆಗುವುದಿಲ್ಲ, ಹಾಡು ಅಲ್ಲೇ ಮುರಿಯಿತು. ಹಾಗಾಗಿ ಸ್ಕೋರಿನಲ್ಲಿ 'ಪೂರ್ತಿ ಡಿ ತಂತಿಯಲ್ಲಿ' ಅಂತ ಬರೆಯಿರಿ. ಗ ಮೊದಲ ಬೆರಳು, ಅದೇ ಬೆರಳಲ್ಲಿ ಪಂಚಮಕ್ಕೆ ಜಾರಿ. ಕೈ ಈಗ ಹಲಗೆಯ ಮೇಲೆ ಸರಿದು ಮೂರನೇ ಪೊಸಿಷನ್ನಿನಲ್ಲಿದೆ. ದ ಎರಡನೇ ಬೆರಳು, ಅದರಲ್ಲೇ ತಾರ ಸ ತನಕ. ಜಾರಿನ ಗೆರೆ ಮಾತ್ರ ಹಾಕಿ ಸುಮ್ಮನಾದರೆ ಒಬ್ಬೊಬ್ಬರು ಒಂದೊಂದು ಬೆರಳು ಹಾಕುತ್ತಾರೆ. ಬೆರಳಿನ ಅಂಕಿ ಬರೆದೇ ಕೊಡಿ.

ಜಾರಿನಲ್ಲೂ ಎರಡು ತರ. ಸ್ವರ ಬಿಡುವಾಗ ನಿಧಾನಕ್ಕೆ ಶುರುವಾಗಿ ಕೊನೆಗೆ ಚುರುಕಾಗುವುದು ಒಂದು. ಥಟ್ಟನೆ ಹೊರಟು ಮೆಲ್ಲಗೆ ಹೋಗಿ ಕೂರುವುದು ಇನ್ನೊಂದು. ನೋಡಲು ಒಂದೇ ಗೆರೆ, ಕೇಳಲು ಅಜಗಜಾಂತರ. ಬಾಯಲ್ಲಿ ಹಾಡಿ ತೋರಿಸುವುದು ಬಿಟ್ಟರೆ ಬೇರೆ ದಾರಿ ನನಗೆ ಕಂಡಿಲ್ಲ. ಒಂದು ಸಾಲಿಗೆ ಎರಡು ಜಾರು ಸಾಕು. ಎಲ್ಲ ಕಡೆ ಹಾಕಿದರೆ ಕುಡಿದು ನುಡಿಸಿದ ಹಾಗಾಗುತ್ತದೆ.

ಕರ್ನಾಟಕ ಪಿಟೀಲು ಕಲಿತವರಿಗೆ ಕೈ ಜಾರುವುದು ಸಲೀಸು, ಆದರೆ ಅವರಿಗೆ ಬೇರೆ ಅಪಾಯ. ಮೋಹನ ಅಂತ ಕಿವಿ ಹೇಳಿದ ಕೂಡಲೇ ದೈವತ ತಾನಾಗಿ ಅಲ್ಲಾಡುತ್ತದೆ. ನನ್ನ ಕೈ ಇನ್ನೂ ಹಾಗೇ ಮಾಡುತ್ತದೆ. ಇಲ್ಲಿ ದೈವತ ಸುಮ್ನೆ ನಿಲ್ಲಬೇಕು. ಪಾಶ್ಚಾತ್ಯರಿಗೆ ಇನ್ನೊಂದು ಚಟ, ಬೆರಳು ಇಟ್ಟ ಕ್ಷಣದಿಂದ ವೈಬ್ರೆಟೊ, ಅಂದರೆ ಬೆರಳು ಅಲುಗಿಸಿ ಸ್ವರ ನಡುಗಿಸುವುದು. 'ಸ್ವರ ಅರ್ಧ ಕಳೆಯುವ ತನಕ ಅಲುಗಿಸಬೇಡಿ' ಅಂತ ಹಾಳೆಯಲ್ಲೇ ಬರೆದುಬಿಡಿ.

8. ಮೀಟುವ ವಾದ್ಯಗಳ ಧ್ವನಿ ತರುವುದು

ಪಿಪಾದಲ್ಲಿ ಐದೂ ಬೆರಳು ಸರಸರ ಉರುಳಿಸಿ ಒಂದೇ ಸ್ವರವನ್ನು ಎಳೆದು ನಿಲ್ಲಿಸುತ್ತಾರೆ. ಕಮಾನಿನ ಟ್ರೆಮೊಲೊ (ಕಮಾನನ್ನು ಸರಸರ ಹಿಂದೆ ಮುಂದೆ ಆಡಿಸುವುದು) ಹಾಕಿದರೆ ಆಯಿತಲ್ಲ ಅನಿಸುತ್ತದೆ, ಆಗುವುದಿಲ್ಲ. ಪಿಪಾದಲ್ಲಿ ಪ್ರತಿ ಮೀಟಿಗೂ ಒಂದು ಮೊನೆ ಇರುತ್ತದೆ, ಕಮಾನಿನಲ್ಲಿ ಆ ಮೊನೆ ಇಲ್ಲ. ಇದಕ್ಕೆ ಇಬ್ಬರು ಬೇಕು: ಒಬ್ಬರು ಸ್ವರದ ತಲೆಯನ್ನು ಬೆರಳಲ್ಲಿ ಮೀಟಬೇಕು, ಇನ್ನೊಬ್ಬರು ಅದೇ ಸ್ವರವನ್ನು ಕಮಾನಿನ ತುದಿಯಲ್ಲಿ ಟ್ರೆಮೊಲೊ ಮಾಡಬೇಕು. ನಾಲ್ಕು ತಂತಿಯನ್ನು ಒಟ್ಟಿಗೆ ಬಾರಿಸುವ ಜಾಗ ಬಂದರೆ ವಯಲಿನ್ನನ್ನು ಗಿಟಾರಿನ ಹಾಗೆ ಹಿಡಿದು ಹೆಬ್ಬೆರಳಲ್ಲಿ ಗೀರಿ.

ಉದ್ದ ಪೆಟ್ಟಿಗೆಯ ಮೇಲೆ ತಂತಿ ಸಾಲು ಬಿಗಿದ ಗುಝೆಂಗ್ ವಾದ್ಯದಲ್ಲಿ ಮೀಟಿದ ಮೇಲೆ ಎಡಗೈಯಲ್ಲಿ ತಂತಿ ಒತ್ತಿ ಸ್ವರ ಏರಿಸುತ್ತಾರೆ, ನಮ್ಮ ವೀಣೆಯಲ್ಲಿ ತಂತಿ ಎಳೆಯುವ ಹಾಗೆ. ಮೀಟಿ ಜಾರುವುದು ಚೆಲ್ಲೊದಲ್ಲಿ ಸೊಗಸು, ವಯೋಲಾದಲ್ಲಿ ಪರವಾಗಿಲ್ಲ, ವಯಲಿನ್ನಿನಲ್ಲಿ ಜಾರಿ ಮುಗಿಯುವ ಮೊದಲೇ ಸದ್ದು ಸತ್ತಿರುತ್ತದೆ.

ಗುಚಿನ್ ನನಗೆ ತುಂಬ ಪ್ರೀತಿಯ ವಾದ್ಯ. ಏಳು ತಂತಿ, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲು ದನಿ. 1977ರ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಹಾಡಿನ ಜೊತೆ ಗುವಾನ್ ಪಿಂಗ್‌ಹು ನುಡಿಸಿದ ಗುಚಿನ್ ಕೂಡ ಇದೆ. ಅದರ ಮೈಮೇಲೆ 13 ಚುಕ್ಕಿ ಕೂರಿಸಿರುತ್ತಾರೆ, ಹಾರ್ಮೋನಿಕ್ ಸ್ವರ (ತಂತಿ ಒತ್ತದೆ ಬೆರಳು ಸುಮ್ನೆ ತಾಗಿಸಿದಾಗ ಬರುವ ತೆಳು ಸ್ವರ) ಸಿಗುವ ಜಾಗಗಳು ಅವು. ಏಳನೇ ಚುಕ್ಕಿ ತಂತಿಯ ನಡು, ಐದು ಮತ್ತು ಒಂಬತ್ತು ಮೂರನೇ ಒಂದು ಪಾಲು, ನಾಲ್ಕು ಮತ್ತು ಹತ್ತು ಕಾಲು ಪಾಲು. ಚೆಲ್ಲೊದಲ್ಲೂ ಹಾರ್ಮೋನಿಕ್ ಸಿಗುವುದು ಇವೇ ಜಾಗಗಳಲ್ಲಿ. ಹಾಗಾಗಿ ಗುಚಿನ್ ಹಾರ್ಮೋನಿಕ್‌ಗಳನ್ನು ಚೆಲ್ಲೊಗೆ ಹಾಗೇ ದಾಟಿಸಬಹುದು, ಕಮಾನು ಬೇಡ, ಮೀಟಿ.

ಜಾಗಟೆ ಸದ್ದಿಗೆ ಕಮಾನಿನ ಕಡ್ಡಿಯಲ್ಲಿ ತಂತಿಗೆ ಹೊಡೆಯಿರಿ ಅಂತ ಬರೆಯಬೇಡಿ. ಲಕ್ಷಗಟ್ಟಲೆ ಕೊಟ್ಟು ತಂದ ಕಮಾನು ಅದು. ಯಾರೂ ಹೊಡೆಯುವುದಿಲ್ಲ, ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಪೆನ್ಸಿಲ್ ಸಾಕು.

9. ತಾಳ ಇಲ್ಲದ ಜಾಗಗಳು

ಎಷ್ಟೋ ಚೀನೀ ರಚನೆಗಳು 'ಸಾನ್‌ಬಾನ್'ನಿಂದ ಶುರುವಾಗುತ್ತವೆ. ನಮ್ಮ ಆಲಾಪನೆಯ ಹಾಗೆ ತಾಳದ ಕಟ್ಟಿಲ್ಲ. ಇದನ್ನು ನಾಲ್ಕು ನಾಲ್ಕು ಎಣಿಕೆಯ ಮನೆಗೆ ಹಾಕಿದರೆ ಕೆಟ್ಟಿತು. ಗೆರೆ ತೆಗೆದುಬಿಡಿ, ಮೊದಲನೇ ವಯಲಿನ್ ಉಸಿರು ತೆಗೆದುಕೊಂಡಾಗ ಉಳಿದವರು ಬರಲಿ. ಪೀಕಿಂಗ್ ಒಪೆರಾದಲ್ಲಿ ಕೆಳಗೆ ಬಡಿತ ಚುರುಕಾಗಿ ಓಡುತ್ತಿರುತ್ತದೆ, ಮೇಲೆ ಹಾಡು ತನ್ನ ಪಾಡಿಗೆ ನಿಧಾನ. ಅದು ಬೇಕಾದರೆ ಕೆಳಗಿನವರಿಗೆ ಎರಡು ಸ್ವರ ಡಬ್ಬಿಯೊಳಗೆ ಬರೆದು 'ಮೇಲಿನವರು ಮುಗಿಸುವ ತನಕ' ಅಂತ ಹಾಕಿ.

10. ರಿಹರ್ಸಲ್

ಮೊದಲ ದಿನ ವಾದ್ಯ ಪೆಟ್ಟಿಗೆಯಲ್ಲೇ ಇರಲಿ. ಎಲ್ಲರೂ ಹಾಡಲಿ, ಅಂಕಿಯಲ್ಲೋ ಸ್ವರದಲ್ಲೋ ಲಾಲಾ ಅಂತಲೋ. ನಮ್ಮ ಗುಂಪಿನಲ್ಲಿ ಇದಕ್ಕೆ ಮೊದಲು ಎಲ್ಲರೂ ನಾಚಿಕೊಂಡರು, ಎರಡನೇ ವಯಲಿನ್‌ನವರು ಬಾತ್‌ರೂಮಿಗೆ ಹೋಗಿ ಬರುತ್ತೇನೆ ಅಂತ ಹೋದವರು ಇಪ್ಪತ್ತು ನಿಮಿಷ ಬರಲೇ ಇಲ್ಲ. ಆದರೂ ಬಿಡಬೇಡಿ. ಹಾಡಿದವರು ಜಾರನ್ನು ಸರಿಯಾದ ಜಾಗದಲ್ಲಿ ಹಾಕುತ್ತಾರೆ.

ಆಮೇಲೆ ಎರಡು ವಯಲಿನ್ ಮಾತ್ರ ಎದುರುಬದುರು ಕೂತು ನುಡಿಸಲಿ, ಮೂಳೆ ಒಬ್ಬರು, ಹೂವು ಒಬ್ಬರು. ಮಧ್ಯದಲ್ಲಿ ಅದಲು ಬದಲು ಮಾಡಿ. ಇದು ಕೂತ ಮೇಲೆ ವಯೋಲಾ, ಕೊನೆಗೆ ಚೆಲ್ಲೊ. ಫೋನಿನಲ್ಲಿ ರೆಕಾರ್ಡ್ ಮಾಡಿ ಆ ಹಾಡು ಗೊತ್ತಿರುವ ಯಾರಿಗಾದರೂ ಕೇಳಿಸಿ, ಸಂಗೀತ ಓದಿದವರೇ ಆಗಬೇಕಂತಿಲ್ಲ. ಎರಡನೇ ಸಲ ನಮ್ಮ ಆಂಟಿ ಏನೂ ಹೇಳಲಿಲ್ಲ, ಅರ್ಧಕ್ಕೆ ಬರುವಾಗ ತಾವೇ ಹಾಡಲು ಶುರು ಮಾಡಿದರು. ಆಮೇಲೆ ಹೂವು ಸ್ವಲ್ಪ ಜಾಸ್ತಿ ಆಯಿತು, ಎರಡನೇ ಸಾಲಿನಲ್ಲಿ ತೆಗಿ ಅಂದರು. ತೆಗೆದೆ.

ಚೆಲ್ಲೊದವರು ಮಾತ್ರ "ನಮಗೆ ಇಷ್ಟೇನಾ?" ಅಂತ ಕೇಳಿಯೇ ಕೇಳುತ್ತಾರೆ. ಅವರಿಗೆ ಎರಡನೇ ಚರಣ ಕೊಡಿ, ಒಂದು ಸ್ಥಾಯಿ ಕೆಳಗೆ, ಅದೇ ಜಾರುಗಳ ಸಮೇತ. ಆಗ ವಯಲಿನ್‌ನವರು ಮೀಟಲಿ.